ಯಾವುದಕ್ಕೆ ಟಿಕ್ ಹಾಕ್ಲಿ, ಮೇಡಂ?

ನಾಲ್ಕು ವರ್ಷ, ಮಾನಸಿಕ ಕಾಯಿಲೆ ಇರುವವರು ಬಂದುಹೋಗುವ ನಮ್ಮ ಹಗಲು ಕೇಂದ್ರದ ಅಭಿಪ್ರಾಯ ಫಾರಂನಲ್ಲಿ ಎಲ್ಲದಕ್ಕೂ ‘ತುಂಬಾ ಚೆನ್ನಾಗಿದೆ’ ಎಂದೇ ಬರುತ್ತಿತ್ತು. ಊಟ ತುಂಬಾ ಚೆನ್ನಾಗಿದೆ. ಸಿಬ್ಬಂದಿ ತುಂಬಾ ಚೆನ್ನಾಗಿದ್ದಾರೆ. ಟಾಯ್ಲೆಟ್ ಕೂಡ ತುಂಬಾ ಚೆನ್ನಾಗಿದೆ. ಆ ಟಾಯ್ಲೆಟ್ಟಿನ ಚಿಲಕ ಮುರಿದು ಎಂಟು ತಿಂಗಳಾಗಿತ್ತು ಅನ್ನೋದು ನನಗೆ ಆಮೇಲೆ ಗೊತ್ತಾಯಿತು.

ಒಂದು ತಿಂಗಳ ಕೊನೇ ಶುಕ್ರವಾರ. ಸದಸ್ಯರೊಬ್ಬರು ಫಾರಂ ಹಿಡಿದುಕೊಂಡು ನನ್ನ ಟೇಬಲ್ ಎದುರು ಕೂತರು. ಪೆನ್ನೂ ನನ್ನದೇ. ಸ್ವಲ್ಪ ಹೊತ್ತು ಹಾಳೆ ನೋಡಿ ತಲೆ ಎತ್ತಿದರು.

“ಯಾವುದಕ್ಕೆ ಟಿಕ್ ಹಾಕ್ಲಿ, ಮೇಡಂ?”

“ನಿಮಗೇನು ಅನ್ಸುತ್ತೋ ಅದಕ್ಕೆ ಹಾಕಿ.”

“ಅಲ್ಲ, ನಿಮಗೆ ಯಾವುದು ಬೇಕು ಹೇಳಿ. ಅದಕ್ಕೇ ಹಾಕ್ತೀನಿ.”

ಅವರ ಮಾತಲ್ಲಿ ಕುಹಕ ಇರಲಿಲ್ಲ. ನನಗೆ ಸಹಾಯ ಆಗಲಿ ಅಂತಲೇ ಕೇಳಿದ್ದರು. ಅವತ್ತು ಮನೆಗೆ ಹೋಗುವ ಬಸ್ಸಿನಲ್ಲಿ ಹಳೇ ಫಾರಂಗಳೆಲ್ಲ ಕಣ್ಣ ಮುಂದೆ ಬಂದವು. ನಾಲ್ಕು ವರ್ಷ ನಾನು ಓದಿದ್ದು ಅವರ ಅಭಿಪ್ರಾಯವನ್ನಲ್ಲ, ಅವರ ಮರ್ಯಾದೆಯನ್ನ.

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಓಟಿ ಅಂದ ಕೂಡಲೇ ಜನ ಆಪರೇಷನ್ ಥಿಯೇಟರ್ ಅಂದುಕೊಳ್ಳುತ್ತಾರೆ. ನಮ್ಮ ಮಾವನವರ ಪ್ರಕಾರ ನಾನು ಇವತ್ತಿಗೂ ಡಾಕ್ಟರಿಗೆ ಕತ್ತರಿ ಎತ್ತಿಕೊಡುವವಳು. ನಿಜವಾದ ಕೆಲಸ ಬೇರೆ. ಸ್ನಾನ, ಅಡುಗೆ, ಬಸ್ಸು ಹತ್ತೋದು, ದುಡ್ಡಿನ ಲೆಕ್ಕ, ನೌಕರಿ, ಹೀಗೆ ಕಾಯಿಲೆಯಿಂದ ಕೈತಪ್ಪಿಹೋದ ದಿನದ ಕೆಲಸಗಳನ್ನು ಮತ್ತೆ ಹಿಡಿತಕ್ಕೆ ತಂದುಕೊಳ್ಳುವಾಗ ಜೊತೆಗಿರೋದು. ನಮ್ಮದು ಜಯನಗರದ ಕಡೆ ಅಡ್ಡರಸ್ತೆಯೊಂದರ ಹಳೇ ಮನೆ. ಮೂವತ್ತು ಚಿಲ್ಲರೆ ಮಂದಿ ಬೆಳಗ್ಗೆ ಬಂದು ಸಂಜೆ ಮನೆಗೆ ಹೋಗುತ್ತಾರೆ. ಹೆಚ್ಚಿನವರಿಗೆ ಸ್ಕಿಜೋಫ್ರೇನಿಯಾ, ಕೆಲವರಿಗೆ ಬೈಪೋಲಾರ್. ಸುಮಾರು ಜನರ ಫೈಲು ನಿಮ್ಹಾನ್ಸ್‌ನಲ್ಲಿದೆ. ಯಾರ ಹೆಸರನ್ನೂ ನಾನಿಲ್ಲಿ ಬರೆಯುವುದಿಲ್ಲ. ಅವರು ಒಪ್ಪಿದ ಸಂಗತಿಗಳನ್ನಷ್ಟೇ ಬರೆಯುತ್ತೇನೆ.

ಅಂದಹಾಗೆ, ಅವರನ್ನು ಏನಂತ ಕರೆಯೋದು ಅನ್ನೋದೇ ನಮ್ಮ ಮೊದಲ ಜಗಳ. ನಮ್ಮ ಕಾಗದಪತ್ರಗಳಲ್ಲಿ ‘ಕ್ಲೈಂಟ್’ ಅಂತಿತ್ತು. ‘ಪೇಷೆಂಟ್’ಗಿಂತ ಗೌರವದ ಮಾತು ಅಂದುಕೊಂಡಿದ್ದೆ. “ಕ್ಲೈಂಟ್ ಅಂದ್ರೆ ದುಡ್ಡು ಕೊಡೋ ಪಾರ್ಟಿ ಅಲ್ವಾ? ನಾವೇನು ಕೊಡ್ತೀವಿ?” ಅಂತ ಒಬ್ಬರು ಕೇಳಿದರು. ಲಾಯರ್ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು ಅವರು. ‘ಸೇವಾರ್ಥಿ’ ಅನ್ನೋ ಪದ ತಂದೆ. ಎಲ್ಲರೂ ನಕ್ಕರು. ದೇವಸ್ಥಾನದ ರಸೀದಿ ನೆನಪಾಯಿತಂತೆ. ಕೊನೆಗೆ ‘ಸದಸ್ಯರು’ ಉಳಿಯಿತು, ಮಾತಿನಲ್ಲಿ ‘ಮೆಂಬರ್’.

ಇನ್ನು ಫಾರಂ ವಿಷಯ. ಪ್ರಶ್ನೆಗಳನ್ನು ಇನ್ನೂ ಸುಲಭ ಮಾಡಿದರೆ ಸರಿಹೋಗುತ್ತೆ ಅಂತ ಮೊದಲು ಅನಿಸಿತು. ‘ಸೇವೆಯ ಗುಣಮಟ್ಟದ ಬಗೆಗಿನ ನಿಮ್ಮ ತೃಪ್ತಿಯ ಮಟ್ಟ’ ಅಂತಿದ್ದಿದ್ದನ್ನು ‘ಇಲ್ಲಿ ಹೇಗಿದೆ?’ ಅಂತ ಮಾಡಿದೆ. ನಗುಮುಖ, ಅಳುಮುಖದ ಚಿತ್ರ ಹಾಕಿದೆ. ಎಲ್ಲರೂ ನಗುಮುಖಕ್ಕೇ ಟಿಕ್ ಹಾಕಿದರು. ಆಫೀಸಿನ ಪಕ್ಕ ಡಬ್ಬ ಇಟ್ಟು, ಹೆಸರು ಬರೆಯಬೇಡಿ ಅಂದೆ. ಮೂವತ್ತೇ ಜನ ಇರುವ ಕಡೆ ಕೈಬರಹ ನೋಡಿದರೆ ಯಾರದ್ದು ಅಂತ ಗೊತ್ತಾಗುತ್ತೆ. ಅದು ಅವರಿಗೂ ಗೊತ್ತು. ಇದು ನಮ್ಮ ಒಂದು ಕೇಂದ್ರದ ಕಥೆಯಲ್ಲ. 1979ರಿಂದ ಬಳಕೆಯಲ್ಲಿರುವ, ಎಂಟು ಪ್ರಶ್ನೆಗಳ ಸಿಎಸ್‌ಕ್ಯೂ ಅನ್ನೋ ತೃಪ್ತಿಯ ಅಳತೆಯಿದೆ. ಅಂಥ ಫಾರಂಗಳಲ್ಲಿ ಅಂಕ ಮೇಲೆ ಮೇಲೆಯೇ ಕೂರುತ್ತೆ ಅನ್ನೋದು ಈ ಕ್ಷೇತ್ರದಲ್ಲಿ ಹಳೇ ದೂರು. ನಾಳೆ ಬೆಳಗ್ಗೆ ಮತ್ತೆ ಇದೇ ಬಾಗಿಲು ತಟ್ಟಬೇಕಾದವರು ಒಳಗಿರುವವರ ಬಗ್ಗೆ ಕೆಟ್ಟದಾಗಿ ಯಾಕೆ ಬರೆದಾರು?

ಪ್ರಶ್ನೆ ಸರಿಯಿಲ್ಲ ಅಂದುಕೊಂಡಿದ್ದೆ. ಕೇಳುವವರೇ ಸರಿಯಿರಲಿಲ್ಲ. ಅಂದರೆ ನಾನು.

ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ‘ಕ್ವಾಲಿಟಿರೈಟ್ಸ್’ ಅನ್ನೋ ಒಂದು ಕೈಪಿಡಿ ತಂದಿದೆ. ಮಾನಸಿಕ ಆರೋಗ್ಯ ಕೇಂದ್ರಗಳನ್ನು ಪರಿಶೀಲಿಸುವ ತಂಡದಲ್ಲಿ ಆ ಕಾಯಿಲೆಯನ್ನು ಅನುಭವಿಸಿದವರೂ ಇರಬೇಕು ಅಂತ ಅದು ಹೇಳುತ್ತದೆ. ಗುಜರಾತಿನ ಸರ್ಕಾರಿ ಕೇಂದ್ರಗಳಲ್ಲಿ ಅದನ್ನು ಬಳಸಿ ನೋಡಿದ್ದಾರೆ. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೂ ಈ ಯೋಚನೆ ಇದೆ. ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಕಾಯಿಲೆ ಅನುಭವಿಸಿದವರಿಗೆ ಜಾಗ ಇಟ್ಟಿದ್ದಾರೆ. ಸೇವೆಯಲ್ಲಿ ಕೊರತೆ ಇದ್ದರೆ ದೂರು ಕೊಡೋದು ಅವರ ಹಕ್ಕು ಅಂತ 28ನೇ ಸೆಕ್ಷನ್ ಹೇಳುತ್ತದೆ. ಇದನ್ನೆಲ್ಲ ನಾನು ತರಬೇತಿಗಳಲ್ಲಿ ಕೇಳಿದ್ದೆ, ಪರೀಕ್ಷೆಗೂ ಬರೆದಿದ್ದೆ. ನಮ್ಮ ಹಳೇ ಮನೆಗೂ ಇದಕ್ಕೂ ಸಂಬಂಧ ಇದೆ ಅಂತ ಮಾತ್ರ ಹೊಳೆದಿರಲಿಲ್ಲ.

ಐದು ಜನರ ಗುಂಪು ಮಾಡಿದೆವು. ನಾಲ್ವರು ಸದಸ್ಯರು. ಇನ್ನೊಬ್ಬರು ಮೊದಲು ಇಲ್ಲಿಗೆ ಬರುತ್ತಿದ್ದವರು, ಈಗ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಶನಿವಾರ ಹನ್ನೊಂದು ಗಂಟೆ, ಟೀ, ಖಾರಾ ಬನ್ನು. ಮೊದಲ ಸಭೆಯಲ್ಲಿ ನಾನು ಮುಕ್ಕಾಲು ಗಂಟೆ ಮಾತಾಡಿದೆ. ಅವರು ಬನ್ನು ತಿಂದರು. ಎರಡನೇ ಸಭೆಯಲ್ಲೂ ಅದೇ ಕಥೆ. ಮೂರನೇ ಸಲ ಜೆರಾಕ್ಸ್ ಅಂಗಡಿಯವರು ಮೆಲ್ಲಗೆ ಹೇಳಿದರು, “ಮೇಡಂ, ಬೇಜಾರು ಮಾಡ್ಕೋಬೇಡಿ. ನೀವು ಇಲ್ಲೇ ಕೂತಿದ್ರೆ ನಾವು ಹೇಳೋದು ಹೆಂಗೆ?”

ಎದ್ದು ಹೊರಗೆ ಹೋದೆ. ಮೂಲೆಯ ದರ್ಶಿನಿಯಲ್ಲಿ ಒಂದು ಬೈಟು ಕಾಫಿ ಹೇಳಿ, ಎರಡೂ ಲೋಟ ನಾನೇ ಕುಡಿದೆ. ಒಳಗೆ ಏನು ಮಾತಾಡುತ್ತಿರಬಹುದು ಅಂತ ಹೊಟ್ಟೆಯಲ್ಲಿ ಕಸಿವಿಸಿ. ಆಗ ಥಟ್ಟನೆ ಒಂದು ನೆನಪಾಯಿತು. ಪ್ರತಿ ಗುರುವಾರ ನಾವು ಸಿಬ್ಬಂದಿ ಬಾಗಿಲು ಹಾಕಿಕೊಂಡು ಇವರ ಬಗ್ಗೆಯೇ ಮಾತಾಡುತ್ತೇವಲ್ಲ. ಅವರಿಗೂ ಹೀಗೇ ಆಗುತ್ತಿತ್ತಾ?

ವಾಪಸ್ ಬಂದಾಗ ಹಾಳೆ ತುಂಬ ಪ್ರಶ್ನೆಗಳಿದ್ದವು. ಇಪ್ಪತ್ತಮೂರು. ಅದನ್ನು ಒಂಬತ್ತಕ್ಕೆ ಇಳಿಸಲು ಇನ್ನೂ ನಾಲ್ಕು ಶನಿವಾರ ಬೇಕಾಯಿತು. ಕೆಲವನ್ನು ಇಲ್ಲಿ ಕೊಡುತ್ತೇನೆ, ಅವರ ಮಾತಿನಲ್ಲೇ:

ಇಲ್ಲಿಗೆ ಬರೋ ದಾರೀಲಿ ಏನು ಕಷ್ಟ?
ಇಲ್ಲಿ ಕಲಿತಿದ್ದು ಮನೇಲಿ ಯಾವುದಕ್ಕಾದ್ರೂ ಬಂತಾ?
‘ಇವತ್ತು ನನಗೆ ಇದು ಬೇಡ’ ಅಂದ್ರೆ ಕೇಳ್ತಾರಾ?
ನಿಮ್ಮನ್ನ ಮಗು ಥರ ಮಾತಾಡಿಸ್ತಾರಾ?
ನಿಮ್ಮ ಬಗ್ಗೆ ನಿಮ್ಮನ್ನ ಬಿಟ್ಟು ಮನೆಯವರ ಹತ್ರ ಮಾತಾಡ್ತಾರಾ?

ಹದಿನಾಲ್ಕು ವರ್ಷದ ಅನುಭವ ನನ್ನದು. ಇದರಲ್ಲಿ ಒಂದು ಪ್ರಶ್ನೆಯೂ ನನ್ನ ತಲೆಗೆ ಬಂದಿರಲಿಲ್ಲ.

ಕೇಳುವ ಕೆಲಸವನ್ನೂ ಅವರೇ ಮಾಡಿದರು. ಇಬ್ಬಿಬ್ಬರ ಜೋಡಿ. ಒಬ್ಬರು ಕೇಳೋದು, ಒಬ್ಬರು ಬರೆಯೋದು. ಮಾತ್ರೆಯಿಂದ ಕೈ ನಡುಗುವವರಿಗೆ ಬರೆಯೋದು ಕಷ್ಟ, ಹಾಗಾಗಿ ಅವರು ಕೇಳುವ ಕಡೆ. ಬೆಂಗಳೂರು ನೋಡಿ, ಕನ್ನಡ ಒಂದೇ ಸಾಲದು. ತಮಿಳು, ತೆಲುಗು, ಉರ್ದು ಬರುವವರು ಗುಂಪಿನಲ್ಲೇ ಸಿಕ್ಕರು. ಮೂರು ದಿನ ತರಬೇತಿ ಆಯಿತು. ಎದುರಿನವರ ವಾಕ್ಯ ನೀವು ಮುಗಿಸಬೇಡಿ. ಸುಮ್ಮನಿದ್ದರೆ ಕಾಯಿರಿ. ಅತ್ತರೆ ನೀರು ಕೊಡಿ, ಮುಂದುವರಿಸೋಣವಾ ಅಂತ ಕೇಳಿ. ಕೇಳಿದ್ದನ್ನು ಹೊರಗೆ ಹೇಳಬೇಡಿ. ಆದರೆ ಯಾರಾದರೂ ಸಾಯುವ ಮಾತಾಡಿದರೆ ಅದನ್ನು ಗುಟ್ಟಾಗಿ ಇಟ್ಟುಕೊಳ್ಳುವುದಿಲ್ಲ, ಈ ಮಾತನ್ನು ಶುರುವಿನಲ್ಲೇ ಅವರಿಗೆ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಪ್ರತಿ ಹಾಳೆಯ ಕೆಳಗೆ ಅಚ್ಚು ಹಾಕಿಸಿದೆವು.

ಸಂದರ್ಶನ ಮಾಡಿದವರಿಗೆ ಅರ್ಧ ದಿನಕ್ಕೆ 200 ರೂಪಾಯಿ ಕೊಡಬೇಕು ಅಂತ ನಾನು ಹಟ ಹಿಡಿದೆ. ಲೆಕ್ಕಪತ್ರದವರು ಕಂಗಾಲು. “ಪೇಷೆಂಟಿಗೆ ನಾವು ದುಡ್ಡು ಕೊಡೋದಾ? ಯಾವ ಹೆಡ್ಡಿಗೆ ಹಾಕ್ಲಿ?” ಹೊರಗಿನಿಂದ ತಜ್ಞರು ಬಂದು ಒಂದು ಗಂಟೆ ಮಾತಾಡಿದರೆ ಶಾಲು, ಹಣ್ಣು, ಕವರ್ ಎಲ್ಲ ಕೊಡುತ್ತೇವೆ. ಆಗ ಹೆಡ್ ಸಿಗುತ್ತೆ. ಎರಡು ತಿಂಗಳಾದ ಮೇಲೆ ‘ಸಂದರ್ಶಕರ ಗೌರವಧನ’ ಅನ್ನೋ ಸಾಲು ಹುಟ್ಟಿತು.

ಅಂಕದ ವಿಷಯದಲ್ಲಿ ಒಂದು ಒಳ್ಳೇದಾಯಿತು. ನಮ್ಮ ವೃತ್ತಿಯಲ್ಲಿ ಸಿಒಪಿಎಂ ಅಂತ ಒಂದು ಅಳತೆ ಇದೆ. ಕೆನಡಾದವರು 1991ರಲ್ಲಿ ಹೊರತಂದದ್ದು. ಯಾವ ಕೆಲಸ ಕಷ್ಟವಾಗಿದೆ ಅನ್ನೋದನ್ನು ಥೆರಪಿಸ್ಟ್ ಅಲ್ಲ, ಬಂದವರೇ ಹೇಳುತ್ತಾರೆ. ಅದರಲ್ಲಿ ಮುಖ್ಯವಾದ ಐದರವರೆಗೆ ಆರಿಸಿ, ಒಂದೊಂದನ್ನೂ ಈಗ ಎಷ್ಟು ಚೆನ್ನಾಗಿ ಮಾಡ್ತೀರಿ, ಅದರಲ್ಲಿ ಎಷ್ಟು ತೃಪ್ತಿ ಇದೆ ಅಂತ 1ರಿಂದ 10ರೊಳಗೆ ಅಂಕ ಕೊಡಬೇಕು. ಕೆಲವು ತಿಂಗಳು ಬಿಟ್ಟು ಮತ್ತೆ ಕೇಳುವಾಗ ಎರಡು ಅಂಕದಷ್ಟು ವ್ಯತ್ಯಾಸ ಬಂದರೆ ನಿಜವಾದ ಬದಲಾವಣೆ ಅಂತ ಎಣಿಸುತ್ತಾರೆ. ಈ ಅಂಕ ಕೊಡೋದು ನಮ್ಮಲ್ಲಿ ಯಾವಾಗಲೂ ತೊಡಕು. ಹತ್ತಕ್ಕೆ ಎಷ್ಟು ಅಂದರೆ ಪರೀಕ್ಷೆ ನೆನಪಾಗಿ ಮುದುಡುತ್ತಾರೆ. ನಮ್ಮ ಗುಂಪಿನ ಅಕ್ಕ ಒಬ್ಬರು ಚೌಕಾಬಾರ ಆಡಲು ಇಟ್ಟಿದ್ದ ಹುಣಸೆ ಬೀಜದ ಡಬ್ಬಿ ತಂದರು. ಹತ್ತು ಬೀಜ, ಎರಡು ಬಟ್ಟಲು. “ಎಷ್ಟು ಚೆನ್ನಾಗಿ ಮಾಡ್ತೀರೋ ಅಷ್ಟು ಈ ಬಟ್ಟಲಿಗೆ ಹಾಕಿ.” ಆಮೇಲೆ ಬೀಜ ವಾಪಸ್ ಕೊಟ್ಟು, “ಎಷ್ಟು ಸಮಾಧಾನ ಇದೆಯೋ ಅಷ್ಟು ಆ ಬಟ್ಟಲಿಗೆ.” ಅಷ್ಟೇ. ಕೈಯಲ್ಲಿ ಹಿಡಿದು ಹಾಕುವಾಗ ಜನ ಯೋಚನೆ ಮಾಡುತ್ತಾರೆ. ಒಂದು ಹಾಕಿ, ವಾಪಸ್ ತೆಗೆದು, ಮತ್ತೆ ಹಾಕುತ್ತಾರೆ.

ಒಬ್ಬ ಹೆಂಗಸು ಅಡುಗೆಗೆ ಮೊದಲ ಬಟ್ಟಲಿಗೆ ಎಂಟು ಬೀಜ ಹಾಕಿದರು. ಎರಡನೆಯದಕ್ಕೆ ಎರಡೇ. ನನ್ನ ಫೈಲಿನಲ್ಲಿ ಅವರ ಅಡುಗೆ ಗುರಿ ಯಾವಾಗಲೋ ‘ಸಾಧಿಸಲಾಗಿದೆ’ ಆಗಿತ್ತು. ಸಾರು, ಪಲ್ಯ, ಚಪಾತಿ ಎಲ್ಲ ಬರುತ್ತೆ. ಮತ್ತೆ ಎರಡು ಯಾಕೆ ಅಂತ ಕೇಳಿದಾಗ, “ನಾನು ಮಾಡಿದ್ದನ್ನ ಮನೇಲಿ ಯಾರೂ ತಿನ್ನಲ್ಲ. ಏನಾದ್ರೂ ಹಾಕಿರ್ತೀನಿ ಅಂತ ಭಯ,” ಅಂದರಂತೆ. ನಾನು ಎರಡು ವರ್ಷ ಈರುಳ್ಳಿ ಹೆಚ್ಚುವುದನ್ನು ಹೇಳಿಕೊಟ್ಟಿದ್ದೆ. ಕೆಲಸ ಇದ್ದದ್ದು ಅವರ ಮನೆಯವರ ಜೊತೆ.

ಇನ್ನೊಂದು ತಿಳಿದದ್ದು ಗುರಿಗಳ ಬಗ್ಗೆ. ನಮ್ಮ ಫೈಲುಗಳಲ್ಲಿ ‘ವೈಯಕ್ತಿಕ ಸ್ವಚ್ಛತೆ’, ‘ಸಮಯ ಪಾಲನೆ’, ‘ಏಕಾಗ್ರತೆ’. ಅವರ ಪಟ್ಟಿಯಲ್ಲಿ ಎಟಿಎಂನಿಂದ ತಾನೇ ದುಡ್ಡು ತೆಗೆಯೋದು, ಮೆಟ್ರೋದಲ್ಲಿ ಒಬ್ಬರೇ ಹೋಗಿಬರೋದು, ಅಣ್ಣನ ಹತ್ತಿರ ಇರುವ ತನ್ನ ಮೊಬೈಲನ್ನು ವಾಪಸ್ ಪಡೆಯೋದು. ಎರಡು ಪಟ್ಟಿ ಪಕ್ಕಪಕ್ಕ ಇಟ್ಟರೆ ಬೇರೆ ಬೇರೆ ಊರಿನ ಜನರದ್ದು ಅನಿಸುತ್ತೆ.

ಬೆಳಗಿನ ವಿಷಯಕ್ಕೆ ಬರುತ್ತೇನೆ. ನಮ್ಮ ಸಮಯ ಒಂಬತ್ತೂವರೆ. ತಡವಾಗಿ ಬಂದವರ ಹೆಸರಿನ ಮುಂದೆ ‘ಪ್ರೇರಣೆ ಕಡಿಮೆ’ ಅಂತ ಬರೆಯೋದು ರೂಢಿ. ಉತ್ತರಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಬಂತು. ರಾತ್ರಿ ಮಾತ್ರೆಯ ಮಂಪರು ಬೆಳಗ್ಗೆ ಎಂಟಾದರೂ ಇಳಿಯುವುದಿಲ್ಲ, ಆ ಹೊತ್ತಿನ ಬಿಎಂಟಿಸಿ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ನೂಕಾಟದಲ್ಲಿ ಯಾರೋ ಬೈದರೆ ಇಡೀ ದಿನ ಅದೇ ಕಿವಿಯಲ್ಲಿ. ಹತ್ತೂವರೆಗೆ ಬದಲಿಸಿದೆವು. ಇದಕ್ಕೆ ದುಡ್ಡೂ ಬೇಡ, ಅನುಮತಿಯೂ ಬೇಡ. ಆದರೂ ಆರು ವರ್ಷ ಯಾರೂ ಮಾಡಿರಲಿಲ್ಲ.

ದಾರಿಯ ಪ್ರಶ್ನೆಗೆ ಬಂದ ಇನ್ನೊಂದು ಉತ್ತರ ಮನಸ್ಸಿನಲ್ಲೇ ಉಳಿದಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ಹಾಜರಿ ಸಲೀಸಾಗಿತ್ತು. ಟಿಕೆಟ್ಟಿಗೆ ಮನೆಯವರ ಮುಂದೆ ಕೈ ಚಾಚಬೇಕಿಲ್ಲ. ಗಂಡಸರದ್ದು ಹಾಗಲ್ಲ. ಒಬ್ಬರು ಗುರಪ್ಪನಪಾಳ್ಯದಿಂದ ದಿನಾ ನಡೆದೇ ಬರುತ್ತಿದ್ದರು. ವಾಕಿಂಗ್ ಒಳ್ಳೇದು ಅಂತ ನಾನು ಹೊಗಳಿದ್ದೂ ಉಂಟು. ನಲವತ್ತು ದಾಟಿದವರು ಅಪ್ಪನ ಹತ್ತಿರ ಬಸ್ಸಿಗೆ ದುಡ್ಡು ಕೇಳಲು ನಾಚಿಕೆಪಟ್ಟು ನಡೆಯುತ್ತಿದ್ದರು ಅಂತ ಗೊತ್ತಾಗಿದ್ದು ಇನ್ನೊಬ್ಬ ಸದಸ್ಯರು ಕೇಳಿದಾಗ. ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸೋಣ, ಕೆಲವು ಸವಲತ್ತು ಸಿಗುತ್ತವೆ ಅಂದೆ. ಮಾನಸಿಕ ಕಾಯಿಲೆಯಿಂದಾದ ಅಂಗವೈಕಲ್ಯ ಅಳೆಯುವ ಐಡಿಯಾಸ್ ಅನ್ನೋ ಅಳತೆಯಲ್ಲಿ ಶೇ. 40 ಬಂದರೆ ಆಗುತ್ತೆ. ಅವರು ಬೇಡ ಅಂದರು. ಮನೆಯಲ್ಲಿ ತಂಗಿಯ ಮದುವೆ ಮಾತು ನಡೆಯುತ್ತಿತ್ತು. ನಾನು ಮತ್ತೆ ಒತ್ತಾಯ ಮಾಡಲಿಲ್ಲ. ‘ಬೇಡ ಅಂದ್ರೆ ಕೇಳ್ತಾರಾ’ ಅನ್ನೋದು ನಮ್ಮದೇ ಹಾಳೆಯ ಪ್ರಶ್ನೆ ತಾನೇ?

ಇನ್ನು ಲೋಟ. ಇದನ್ನು ಬರೆಯಲು ಈಗಲೂ ಕಷ್ಟ.

ನಮ್ಮಲ್ಲಿ ಸಿಬ್ಬಂದಿಗೆ ಪಿಂಗಾಣಿ ಕಪ್ಪು, ಸದಸ್ಯರಿಗೆ ಸ್ಟೀಲ್ ಲೋಟ. ಯಾರು ಯಾವಾಗ ಶುರುಮಾಡಿದರೋ ಗೊತ್ತಿಲ್ಲ. ಕಪ್ಪು ಒಡೆದುಹೋಗುತ್ತೆ, ಕೈ ನಡುಗುವವರಿಗೆ ಸ್ಟೀಲೇ ವಾಸಿ, ಹೀಗೆ ಕಾರಣ ಹೇಳಿಕೊಂಡು ಬಂದಿದ್ದೆವು. ಏಳು ಜನರ ಉತ್ತರದಲ್ಲಿ ಲೋಟದ ಮಾತಿತ್ತು. ಒಬ್ಬರು ಹೇಳಿದ್ದು ಹೀಗೆ: “ನಮ್ಮೂರಲ್ಲಿ ಹೋಟ್ಲಲ್ಲಿ ನಮಗೆ ಬೇರೆ ಲೋಟ ಇಡ್ತಿದ್ರು. ಅದು ಜಾತಿಗೆ. ಇಲ್ಲಿ ಕಾಯಿಲೆಗೆ.” ಆ ಹಾಳೆ ಓದಿದ ಮೇಲೆ ನಾನು ಬಹಳ ಹೊತ್ತು ಎದ್ದೇಳಲಿಲ್ಲ. ಆರು ವರ್ಷ ದಿನಕ್ಕೆರಡು ಸಲ ಅದೇ ಟ್ರೇ ನನ್ನ ಮುಂದೆ ಬಂದಿದೆ. ನಾನು ಕಪ್ಪು ತೆಗೆದುಕೊಂಡಿದ್ದೇನೆ. ಅಡುಗೆ ಅಕ್ಕ ಮರುದಿನವೇ ಕಪ್ಪುಗಳನ್ನು ಕಟ್ಟಿ ಮೇಲಿಟ್ಟರು. ಈಗ ಎಲ್ಲರಿಗೂ ಸ್ಟೀಲು. ಮೊದಲ ವಾರ ನನ್ನ ಬೆರಳು ಸುಟ್ಟವು.

ಹೆಚ್ಚು ಗಲಾಟೆ ಆಗಿದ್ದು ಪೇಪರ್ ಕವರಿನ ಬಗ್ಗೆ. ಮೆಡಿಕಲ್ ಶಾಪುಗಳಿಗೆ ಕೊಡುವ ಸಣ್ಣ ಕವರುಗಳನ್ನು ಸದಸ್ಯರು ಅಂಟಿಸುತ್ತಾರೆ. ಕೈಗೆ ಹಿಡಿತ ಬರುತ್ತೆ, ಗಮನ ನಿಲ್ಲುತ್ತೆ, ಅದು ಥೆರಪಿ ಅಂತ ನಮ್ಮ ನಂಬಿಕೆ. ಮಾರಿದ ದುಡ್ಡು ವರ್ಷಕ್ಕೊಮ್ಮೆ ಪಿಕ್ನಿಕ್ಕಿಗೆ. “ಮೂರು ವರ್ಷದಿಂದ ಅಂಟಿಸ್ತಾ ಇದ್ದೀನಿ. ನನ್ನ ಕೈ ಹಿಡಿತ ಯಾವತ್ತೋ ಸರಿಹೋಗಿದೆ. ಇದು ಥೆರಪಿನಾ, ಕೆಲಸನಾ? ಕೆಲಸ ಆದ್ರೆ ಸಂಬಳ ಎಲ್ಲಿ?” ಇದು ಒಬ್ಬರ ಉತ್ತರ. ಪ್ರಶ್ನೆಯಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. 2017ರ ಕಾಯ್ದೆಯ 20ನೇ ಸೆಕ್ಷನ್ ತೆಗೆದು ನೋಡಿದರೆ, ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ ಬಲವಂತದ ಕೆಲಸ ಕೂಡದು, ಕೆಲಸ ಮಾಡಿದರೆ ತಕ್ಕ ಸಂಭಾವನೆ ಕೊಡಬೇಕು ಅಂತ ಸ್ಪಷ್ಟವಾಗಿದೆ. ಆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ ಪ್ರತಿ ನನ್ನ ಬೀರುವಿನಲ್ಲೇ ಇತ್ತು, ಪಿಕ್ನಿಕ್ ಲೆಕ್ಕದ ಪುಸ್ತಕದ ಕೆಳಗೆ.

ಲೆಕ್ಕವನ್ನು ಗೋಡೆಗೆ ಅಂಟಿಸಿದೆವು. ಎಷ್ಟು ಕವರು, ಎಷ್ಟು ದುಡ್ಡು, ಗೋಂದಿಗೆ ಎಷ್ಟು. ಕವರಿಗೆ ಇಷ್ಟು ಅಂತ ಕೂಲಿ ಶುರುವಾಯಿತು. ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ನಿಧಾನವಾಗಿ ಮಾಡುವವರಿಗೆ ಕಡಿಮೆ ಬಂತು, ಅವರು ಬರೋದನ್ನೇ ಬಿಡುವ ಮಾತಾಡಿದರು. ಇಬ್ಬರ ಮನೆಯವರು ದುಡ್ಡನ್ನು ಕಿತ್ತುಕೊಂಡರು. ಪಿಕ್ನಿಕ್ ನಿಂತುಹೋಯಿತು ಅಂತ ಕೆಲವರಿಗೆ ಸಿಟ್ಟು. ಗುಂಪಿನಲ್ಲಿ ಎರಡು ತಿಂಗಳು ಜಗ್ಗಾಡಿ, ಅರ್ಧ ದುಡ್ಡು ಹಾಜರಿಗೆ ಸಮನಾಗಿ, ಅರ್ಧ ಕವರಿನ ಲೆಕ್ಕಕ್ಕೆ ಅಂತ ಮಾಡಿದ್ದಾರೆ. ಇದು ಸರಿಯಾ ಅಂದರೆ ನನ್ನ ಹತ್ತಿರ ಉತ್ತರ ಇಲ್ಲ. ನಾನು ಮಾಡಿದ್ದರೆ ಹೀಗೆ ಮಾಡುತ್ತಿರಲಿಲ್ಲ.

ನನ್ನ ಬಗ್ಗೆ ಬಂದದ್ದನ್ನೂ ಹೇಳಬೇಕು, ಇಲ್ಲದಿದ್ದರೆ ಮೋಸ. ‘ಮಗು ಥರ ಮಾತಾಡಿಸ್ತಾರಾ’ ಅನ್ನೋ ಪ್ರಶ್ನೆಗೆ ಅತಿ ಜಾಸ್ತಿ ಹೌದು ಬಂದದ್ದು ನಾನು ಥೆರಪಿ ಕೊಡುವ ಗುಂಪಿನಿಂದ. ನಾನು ಎಲ್ಲರಿಗೂ ‘ವೆರಿ ಗುಡ್, ಜಾಣೆ’, ‘ಗುಡ್ ಬಾಯ್’ ಅಂತ ಚಪ್ಪಾಳೆ ತಟ್ಟುವವಳು. “ನನಗೆ ನಲವತ್ತೇಳು. ನನ್ನ ಮಗಳು ಡಿಗ್ರಿ ಓದ್ತಾಳೆ. ನನಗೆ ಜಾಣೆ ಅಂತಾರೆ,” ಅಂತ ಒಬ್ಬರು ಹೇಳಿದ್ದರು. ಮೂರು ದಿನ ನಾನು ಸರಿಯಾಗಿ ಯಾರ ಜೊತೆಯೂ ಮಾತಾಡಲಿಲ್ಲ. ಸಿಟ್ಟಿತ್ತು, ಸುಳ್ಳು ಹೇಳೋದಿಲ್ಲ. ಇಷ್ಟೆಲ್ಲ ಮಾಡಿದರೂ ಹೀಗೆ ಅಂದರಲ್ಲ ಅನ್ನುವ ಸಿಟ್ಟು. ಆ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ. ಬಾಯಿಗೆ ಬಂದಾಗ ಪಕ್ಕದವರು ಕೆಮ್ಮುತ್ತಾರೆ.

ನನ್ನ ದೊಡ್ಡ ತಪ್ಪು ಆದದ್ದು ಫಲಿತಾಂಶ ಹಂಚಿಕೊಂಡ ದಿನ. ಉತ್ತರಗಳನ್ನು ಇದ್ದ ಹಾಗೇ ಎಲ್ಲ ಸಿಬ್ಬಂದಿಯ ಮುಂದೆ ಓದಿದೆ. ಹೆಸರು ತೆಗೆದಿದ್ದೆ ನಿಜ. ಆದರೆ ಮಾತಿನ ಧಾಟಿಯಿಂದಲೇ ಯಾರು ಅಂದದ್ದು, ಯಾರ ಬಗ್ಗೆ ಅಂದದ್ದು ಎರಡೂ ಗೊತ್ತಾಗುತ್ತಿತ್ತು. ಸಹೋದ್ಯೋಗಿಯೊಬ್ಬರು ಅತ್ತುಕೊಂಡು ಎದ್ದುಹೋದರು. ಮರುದಿನ ಆ ಮಾತು ಹೇಳಿದ ಸದಸ್ಯರೂ ಬರಲಿಲ್ಲ, ಹೆದರಿಕೊಂಡಿದ್ದರು. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಈಗ ಸಂದರ್ಶನ ಮಾಡಿದವರೇ ಉತ್ತರಗಳನ್ನು ಒಟ್ಟುಗೂಡಿಸಿ ತಮ್ಮ ಮಾತಿನಲ್ಲಿ ಬರೆಯುತ್ತಾರೆ. ಒಬ್ಬರೇ ಸಿಬ್ಬಂದಿಯ ಮೇಲಿನ ದೂರಾದರೆ ಅದನ್ನು ಮೊದಲು ಅವರಿಗೆ ಮಾತ್ರ ತೋರಿಸುತ್ತೇವೆ. ನಾನು ಇಲ್ಲಿ ಹಾಕಿರುವ ಮಾತುಗಳನ್ನೂ ಹೇಳಿದವರಿಗೆ ಓದಿ ಹೇಳಿ, ಅವರು ಒಪ್ಪಿದ ಮೇಲೇ ಹಾಕಿದ್ದೇನೆ.

ಸಂದರ್ಶನ ಶುರುವಾದ ಎರಡನೇ ವಾರದಲ್ಲಿ ಸಂದರ್ಶಕರೊಬ್ಬರಿಗೆ ನಿದ್ದೆ ಬಾರದಾಯಿತು, ಮಾತು ಜಾಸ್ತಿಯಾಯಿತು. ಅವರ ತಾಯಿ ಬಂದು, “ನನ್ನ ಮಗನ ತಲೆಗೆ ಯಾಕಮ್ಮ ಇದನ್ನೆಲ್ಲ ಹಾಕಿದೆ?” ಅಂತ ಕೇಳಿದರು. ತಕ್ಷಣ ಅವರನ್ನು ಗುಂಪಿನಿಂದ ಬಿಡಿಸಬೇಕು ಅಂತ ನಾನು ಹೊರಟಿದ್ದೆ. ಉಳಿದ ನಾಲ್ವರು ತಡೆದರು. “ನಿಮಗೆ ಜ್ವರ ಬಂದ್ರೆ ಕೆಲಸದಿಂದ ತೆಗೀತಾರಾ, ರಜೆ ಕೊಡ್ತಾರಾ?” ರಜೆ ಕೊಟ್ಟೆವು. ಡಾಕ್ಟರ್ ಮಾತ್ರೆ ಬದಲಿಸಿದರು. ಐದು ವಾರಕ್ಕೆ ವಾಪಸ್ ಬಂದರು. ಅವರಮ್ಮನಿಗೆ ಈಗಲೂ ನನ್ನ ಮೇಲೆ ಅಷ್ಟಕ್ಕಷ್ಟೇ.

ಮನೆಯವರ ಅಭಿಪ್ರಾಯ ಬೇರೆಯೇ ಒಂದು ಲೋಕ. ಮಗ ಬಾಯಿ ತೆರೆಯುವ ಮುಂಚೆ, “ಅವನಿಗೇನು ಗೊತ್ತಾಗುತ್ತೆ, ನನ್ನ ಕೇಳಿ,” ಅನ್ನುವ ಅಪ್ಪ ಅಮ್ಮ ಸುಮಾರು ಜನ. ಅವರ ಹಾಳೆಯನ್ನೇ ಬೇರೆ ಮಾಡಿದೆವು. ಸದಸ್ಯರು ಬೇಗ ಬಿಡಿ ಅಂತಾರೆ, ಮನೆಯವರು ಇನ್ನೊಂದು ಗಂಟೆ ಇಟ್ಟುಕೊಳ್ಳಿ ಅಂತಾರೆ. ಎಪ್ಪತ್ತು ದಾಟಿದ ತಾಯಿಗೆ ಆ ಒಂದು ಗಂಟೆಯೇ ಉಸಿರು. ಇಬ್ಬರದೂ ನ್ಯಾಯವೇ. ಎರಡನ್ನೂ ಕೂಡಿಸಿ ಒಂದು ಅಂಕ ಮಾಡಿದರೆ ಎರಡೂ ಸುಳ್ಳಾಗುತ್ತವೆ.

ಬಿಟ್ಟುಹೋದವರಿಗೂ ಫೋನ್ ಮಾಡೋಣ ಅಂದಿದ್ದು ಜೆರಾಕ್ಸ್ ಅಂಗಡಿಯವರು. ರಿಜಿಸ್ಟರಿನಲ್ಲಿ ‘ಡ್ರಾಪೌಟ್’ ಅಂತಿದ್ದ ಹನ್ನೊಂದು ನಂಬರು. ಅರ್ಧದಷ್ಟು ಸ್ವಿಚ್ಡ್ ಆಫ್. ಸಿಕ್ಕವರಲ್ಲಿ ಒಬ್ಬ ಹುಡುಗಿ ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ಸಿನಲ್ಲಿ ಎರಡು ವರ್ಷದಿಂದ ಕೆಲಸಕ್ಕೆ ಹೋಗುತ್ತಿದ್ದಾಳೆ. ಹೊಲಿಗೆ ಮಿಷಿನ್ ಕಲಿತದ್ದು ನಮ್ಮಲ್ಲೇ. ನಮ್ಮ ಪುಸ್ತಕದಲ್ಲಿ ಅವಳು ಸೋಲು. ಇನ್ನೊಬ್ಬರು, “ಮನೇಲಿದ್ರೆ ನಾನು ನಾನಾಗಿರ್ತೀನಿ. ಅಲ್ಲಿ ಬಂದ್ರೆ ಪೇಷೆಂಟು ಅಂತ ನೆನಪಾಗುತ್ತೆ,” ಅಂದರು. ಅವರನ್ನು ವಾಪಸ್ ಬನ್ನಿ ಅಂತ ಕರೆಯಲಿಲ್ಲ. ಬೇಕಾದಾಗ ಫೋನ್ ಮಾಡಿ ಅಂದೆವು.

ಕೇಳಿದ್ದೆಲ್ಲ ಆಗಲಿಲ್ಲ. ತಾರಸಿಯಲ್ಲಿ ಬೀಡಿ ಸೇದಲು ಜಾಗ ಬೇಕು ಅಂದರು, ಆಗಲ್ಲ ಅಂದೆವು. ಹೊಲಿಗೆಗೆ ಇನ್ನೊಬ್ಬ ಟೀಚರ್ ಬೇಕು ಅಂದರು, ದುಡ್ಡಿಲ್ಲ. ಹಾಲ್‌ನ ಗೋಡೆಯ ಮೇಲೆ ಒಂದು ಬೋರ್ಡಿದೆ: ಕೇಳಿದ್ದು, ಮಾಡಿದ್ದು, ಆಗದೇ ಇದ್ದದ್ದು. ಮೂರನೇ ಸಾಲಿನ ಎದುರು ಯಾಕೆ ಆಗಲಿಲ್ಲ, ಬೇಡ ಅಂದವರು ಯಾರು ಅಂತ ಬರೆಯಲೇಬೇಕು. ಟಾಯ್ಲೆಟ್ಟಿನ ಚಿಲಕ ಮೊದಲ ದಿನವೇ ‘ಮಾಡಿದ್ದು’ ಸಾಲಿಗೆ ಹೋಯಿತು. ಮೂವತ್ತೈದು ರೂಪಾಯಿ ಖರ್ಚು.

ಹಳೇ ಫಾರಂ ಇನ್ನೂ ಇದೆ. ನಮಗೆ ಅನುದಾನ ಕೊಡುವವರಿಗೆ ವರ್ಷಕ್ಕೊಮ್ಮೆ ಅದನ್ನು ಕಳಿಸಬೇಕು. ಈಗ ಅದನ್ನು ತುಂಬಿಸುವುದು ಶನಿವಾರದ ಗುಂಪು, ನನ್ನ ಟೇಬಲ್ಲಿನಿಂದ ದೂರ, ಅವರದೇ ಪೆನ್ನಿನಲ್ಲಿ. ಹೋದ ಸಲ ಮೊದಲ ಬಾರಿಗೆ ‘ಸಾಧಾರಣ’ಕ್ಕೆ ಟಿಕ್ ಬಿದ್ದವು. ಎರಡು ಕಡೆ ‘ಚೆನ್ನಾಗಿಲ್ಲ’ ಕೂಡ. ಅನುದಾನ ಕೊಡುವವರ ಆಫೀಸಿನಿಂದ ಫೋನ್ ಬಂತು. “ಏನಾಯ್ತು ಮೇಡಂ? ಎಷ್ಟು ಚೆನ್ನಾಗಿ ನಡೀತಿತ್ತು, ರೇಟಿಂಗ್ ಬಿದ್ದುಹೋಗಿದೆಯಲ್ಲ?” ಎರಡು ಪುಟದಲ್ಲಿ ವಿವರಣೆ ಬರೆದು ಕಳಿಸಿ ಅಂದರು. ಬರೆದೆ. ಕಳಿಸುವ ಮುಂಚೆ ಗುಂಪಿಗೆ ಓದಲು ಕೊಟ್ಟೆ. ಅದರಲ್ಲಿ ಒಂದೂವರೆ ಪುಟ ಹೊಡೆದುಹಾಕಿ ವಾಪಸ್ ಕೊಟ್ಟಿದ್ದಾರೆ.